ಹಿಂದುಮುಂದು ನೋಡದೆ ಹಾಕಿದ ಅಚ್ಚು

"ಇನ್ನು ಮೇಲೆ ಈ ಜೀಪಿನ ಅಚ್ಚು ಮುರೀತು ಅಂದ್ರೆ ನನ್ನ ಹೆಸರು ಗಂಗಾಧರಪ್ಪನೇ ಅಲ್ಲ" ಎಂದು ಮಾವನ ಮನೆಯ ಜಗಲಿಯ ಮೇಲೆ ನಿಂತು ನಾನು ಸಾರಿದಾಗ, ಕೇಳಲು ಅಲ್ಲಿದ್ದವರು ನನ್ನ ಹೆಂಡತಿ ಸರ್ವಮಂಗಳ, ಅತ್ತೆ ಸಿದ್ದಲಿಂಗಮ್ಮನವರು ಮತ್ತು ಮೇವು ಮೆಲ್ಲುತ್ತಿದ್ದ ಒಂದು ಎಮ್ಮೆ. ಒಪ್ಪಿಗೆಯಿಂದ ತಲೆ ಅಲ್ಲಾಡಿಸಿದ್ದು ಎಮ್ಮೆ ಮಾತ್ರ.

"ಹಂಗಾದ್ರೆ ಬೇರೆ ಹೆಸರು ಏನಿಟ್ಕೋತೀರಿ ಅಂತ ಈಗ್ಲೇ ಯೋಚನೆ ಮಾಡಿಟ್ಕೊಳ್ಳಿ" ಎಂದಳು ಸರ್ವಮಂಗಳ.

ನಾನು ಹುಣಸೂರು ಪೇಟೆಯಲ್ಲಿ ಅಕ್ಕಿ ಬೆಲ್ಲದ ವ್ಯಾಪಾರಿ. ಯುದ್ಧ ಮುಗಿದು ಕೆಲವು ವರ್ಷಗಳಾದ ಮೇಲೆ ಮಿಲಿಟರಿಯವರು ಹಳೆಯ ಜೀಪುಗಳನ್ನು ಹರಾಜು ಹಾಕುತ್ತಿದ್ದಾರೆಂದು ಕೇಳಿ, ಬೇಲಿ ಹಾರಿ ಹೋಗುವ ಹೋರಿಯನ್ನು ಹಿಡಿದು ತರುವವನಂತೆ ಹೋಗಿ ಒಂದನ್ನು ಹಿಡಿದು ತಂದಿದ್ದೆ. ಅದನ್ನು ಮೊದಲು ಕಂಡಾಗ ನನಗಾದ ಬೆರಗು ಇಂದಿಗೂ ಇಳಿದಿಲ್ಲ. ಬಾಗಿಲಿಲ್ಲ, ಸೂರಿಲ್ಲ, ಸಂಕೋಚವಿಲ್ಲ. ಮೈಯೆಲ್ಲ ಕಾಡಿನ ಬಣ್ಣ. ಕೆಸರಿಗೆ ಇಳಿಸಿ ಕಾಲಬಳಿಯ ಒಂದು ಸಣ್ಣ ಕೋಲನ್ನು ಎಳೆದರೆ ಸಾಕು, ಮುಂದಿನ ಚಕ್ರಗಳು ಎಳೆಯುತ್ತಿದ್ದವು, ಹಿಂದಿನವು ನೂಕುತ್ತಿದ್ದವು, ನಾಲ್ಕೂ ಸೇರಿ ಹಳ್ಳವನ್ನು ಹತ್ತಿ ಆಚೆ ನಿಲ್ಲುತ್ತಿದ್ದವು. ಅಂಥ ಹೊತ್ತಿನಲ್ಲಿ ಸ್ಟಿಯರಿಂಗ್ ಹಿಡಿದು ಕೂತವನಿಗೆ ತಾನು ಅಕ್ಕಿ ವ್ಯಾಪಾರಿ ಎಂಬುದು ಮರೆತುಹೋಗಿ, ತಾನೊಬ್ಬ ಸೇನಾಪತಿ ಎನಿಸುವುದು ಸಹಜ.

ಈ ಸೇನಾಪತಿಗೆ ಇದ್ದ ಒಂದೇ ಕೊರತೆಯೆಂದರೆ ಹಿಂದಿನ ಅಚ್ಚು. ಮೂಟೆ ಸ್ವಲ್ಪ ಹೆಚ್ಚಾದರೆ ಸಾಕು, ಅದು ಕಟ್ ಎಂದು ಮುರಿಯುತ್ತಿತ್ತು. ಪಿರಿಯಾಪಟ್ಟಣದ ಸಂತೆಯ ನಡುವೆ ಒಮ್ಮೆ ಮುರಿಯಿತು. ಮಿರ್ಲೆಗೆ ಅಕ್ಕಿ ತರಲು ಹೋದಾಗ ಗದ್ದೆಯ ಬಯಲಿನಲ್ಲಿ ಇನ್ನೊಮ್ಮೆ ಮುರಿಯಿತು. ಆಗೆಲ್ಲ ಎತ್ತು ಕಟ್ಟಿ ಜೀಪನ್ನು ಎಳೆಸಿಕೊಂಡು ಬರಬೇಕಾಗಿತ್ತು. ಎತ್ತಿನ ಒಡೆಯರು ಬಾಯಿಂದ ಏನೂ ಅನ್ನುತ್ತಿರಲಿಲ್ಲ. ಆದರೆ ದಾರಿಯುದ್ದಕ್ಕೂ ಎತ್ತುಗಳಿಗೆ ತುಂಬ ಮರ್ಯಾದೆ ಕೊಟ್ಟು ಮಾತಾಡಿಸುತ್ತಿದ್ದರು.

ಈ ಸಲ ಮುರಿದದ್ದು ಮಾವನ ಊರಿನಲ್ಲಿಯೇ. ವೀರನಹೊಸಹಳ್ಳಿಯಿಂದ ಆಚೆಗೆ, ಕಾಡಿನ ಅಂಚಿಗೆ ಒರಗಿಕೊಂಡಿರುವ ಸಣ್ಣ ಹಳ್ಳಿ ಅದು. ಸರ್ವಮಂಗಳನ ತಂಗಿ ಸುನಂದಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ನಾನು ಅತ್ತೆ ಮಾವಂದಿರಿಗೆ ಮೊದಲೇ ಮಾತು ಕೊಟ್ಟಿದ್ದೆ: "ನೋವು ಕಾಣಿಸಿದ ತಕ್ಷಣ ನನ್ನ ಜೀಪಿನಲ್ಲಿ ಕೂರಿಸಿದರೆ ಬೀಡಾ ಅಗಿದು ಮುಗಿಯುವಷ್ಟರಲ್ಲಿ ಹುಣಸೂರು ಆಸ್ಪತ್ರೆ. ಎತ್ತಿನ ಗಾಡಿಯ ಯೋಚನೆ ಬಿಟ್ಟುಬಿಡಿ." ಮಾವ ನಂಜುಂಡಸ್ವಾಮಿಯವರು ಅಳಿಯನ ಮಾತಿಗೆ ಬೆಲೆ ಕೊಡುವವರು. ಎತ್ತಿನ ಯೋಚನೆ ಬಿಟ್ಟು, ಗಾಡಿ ಕಟ್ಟಿಕೊಂಡು ಪಿರಿಯಾಪಟ್ಟಣದ ನೆಂಟರ ಮನೆಗೆ ಹೊರಟುಬಿಟ್ಟರು. ಅವರು ಹೋದ ದಿನವೇ, ಊರ ಮುಂದಿನ ತೊರೆಯಲ್ಲಿ ಜೀಪಿನ ಅಚ್ಚು ಕಟ್ ಎಂದಿತು.

ಆದ್ದರಿಂದಲೇ ನನ್ನ ಜಗಲಿಯ ಘೋಷಣೆ. ಹಳೆಯ ತರದ ಅಚ್ಚನ್ನೇ ಮತ್ತೆ ಹಾಕುವುದು ಹೇಡಿಗಳ ಕೆಲಸ. ಈ ಸಲ ಲಾರಿಯ ಅಚ್ಚನ್ನೇ ಹಾಕಿ ಜೀಪನ್ನು ವಜ್ರಕಾಯವನ್ನಾಗಿ ಮಾಡುವುದೆಂದು ತೀರ್ಮಾನಿಸಿದೆ. ಹುಣಸೂರಿನ ನನ್ನ ಗೆಳೆಯ ಕಂಠಪ್ಪನಿಗೆ ಹೇಳಿಕಳಿಸಿದೆ. ಕಂಠಪ್ಪ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಜೊತೆ ಬರ್ಮಾದ ಗಡಿಯವರೆಗೆ ಹೋಗಿ ಬಂದವನು. ಮರದ ಡಿಪೋದ ಹಿಂದೆ ತುಕ್ಕು ಹಿಡಿಯುತ್ತ ಬಿದ್ದಿದ್ದ ಸಣ್ಣ ಮಿಲಿಟರಿ ಲಾರಿಯೊಂದರ ಹಿಂದಿನ ಅಚ್ಚನ್ನು ಚಕ್ರಸಮೇತ ಕೇಳಿ ಪಡೆದು, ಬಾಡಿಗೆ ಗಾಡಿಯಲ್ಲಿ ಹೇರಿಕೊಂಡು, ಅದರ ಮೇಲೆ ತಾನೂ ಕೂತು ಬಂದ. ಅಚ್ಚನ್ನು ಇಳಿಸಿದ ಮೇಲೆ ಬಾಡಿಗೆ ಗಾಡಿ ಹೊರಟುಹೋಯಿತು.

ಆ ಅಚ್ಚನ್ನು ನೋಡಿ ಊರೇ ದಂಗಾಯಿತು. ನನ್ನ ಹಳೆಯ ಅಚ್ಚು ಅದರ ಪಕ್ಕದಲ್ಲಿ ಒನಕೆಯ ಪಕ್ಕದ ಲಟ್ಟಣಿಗೆಯಂತೆ ಕಂಡಿತು. ನಾನಂತೂ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ.

"ಇದು ಮುರೀಬೇಕಾದ್ರೆ ಭೂಮಿನೇ ಮುರೀಬೇಕು ಕಣಪ್ಪ" ಎಂದ ಕಂಠಪ್ಪ.

ಹುಣಿಸೆ ಮರದ ಕೆಳಗೆ ಕೆಲಸ ಶುರುವಾಯಿತು. ಜೀಪಿನ ಹಿಂಭಾಗವನ್ನು ಕಲ್ಲುಗಳ ಮೇಲೆ ಏರಿಸಿ ಹಳೆಯದನ್ನು ಬಿಚ್ಚಿದೆವು. ಹೊಸದನ್ನು ಕೆಳಗೆ ತಳ್ಳಿದಾಗ ಒಂದು ತೊಡಕು ಎದುರಾಯಿತು. ಅಚ್ಚಿನಲ್ಲಿ ಹಲ್ಲುಚಕ್ರಗಳನ್ನು ಒಳಗೆ ಅಡಗಿಸಿಕೊಂಡ, ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು ಇರುತ್ತದೆ. ಇಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ಸರಳು ಬಂದು ಸೇರಬೇಕಾದದ್ದು ಅಲ್ಲಿಗೆ. ನನ್ನ ಜೀಪಿನ ಸರಳು ಬಲಗಡೆ ಬರುತ್ತಿತ್ತು. ಲಾರಿಯ ಕುಂಬಳಕಾಯಿ ಎಡಗಡೆ ಇತ್ತು. ವಧು ಒಂದು ಮಂಟಪದಲ್ಲಿ, ವರ ಇನ್ನೊಂದು ಮಂಟಪದಲ್ಲಿ.

ಕಂಠಪ್ಪ ಎಲೆ ಅಡಿಕೆ ಹಾಕಿಕೊಂಡು ಬಹಳ ಹೊತ್ತು ಯೋಚಿಸಿದ. ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು.

"ಕಂಠಪ್ಪ, ಇದನ್ನ ಮೇಲೆ ಕೆಳಗೆ ಮಾಡಿ ಮಗುಚಿ ಹಾಕಿದ್ರೆ? ಎಡಗಡೆ ಇರೋದು ಬಲಗಡೆ ಬರುತ್ತಲ್ಲ."

ಕಂಠಪ್ಪನ ಬಾಯಿ ಅಗಿಯುವುದನ್ನು ನಿಲ್ಲಿಸಿತು. "ಗಂಗಣ್ಣ, ನೀನು ಬೆಲ್ಲ ಮಾರ್ಕೊಂಡು ಯಾಕಪ್ಪ ಕೂತಿದ್ದೀಯ? ದೋಸೆ ಮಗುಚ್ದಂಗೆ ಮಗುಚಿಬುಡಾನ."

ಮಗುಚಿದೆವು. ವಧೂವರರು ಸೇರಿದರು. ಅಚ್ಚುಕಟ್ಟು ಎಂಬ ಮಾತು ಹುಟ್ಟಿದ್ದೇ ಇಂಥ ಅಚ್ಚನ್ನು ಇಂಥವರು ಕಟ್ಟಿದ್ದನ್ನು ನೋಡಿ ಇರಬೇಕೆಂದು ನನಗೆ ತೋರಿತು. ಲಾರಿಯ ಚಕ್ರಗಳು ಎತ್ತರವಾದ್ದರಿಂದ ಜೀಪಿನ ಹಿಂಭಾಗ ಮೇಲೆದ್ದು ಮೂತಿ ಕೆಳಗಾಗಿತ್ತು.

"ಗಾಡಿ ಯಾರ್ಗೋ ನಮಸ್ಕಾರ ಮಾಡ್ತಾ ಐತಲ್ಲ ಅಳಿಯಂದ್ರೆ" ಎಂದರು ಅತ್ತೆ.

"ಎಲ್ಲರಿಗೂ ಅತ್ತೆ. ವಿನಯ ಅದಕ್ಕೆ" ಎಂದೆ ನಾನು.

ಊರಿನ ಹೆಂಗಸರು ಗಂಡಸರು ಸುತ್ತ ಸೇರಿದ್ದರು. ನಾನು ಏರಿ ಕುಳಿತು ಇಂಜಿನ್ನು ಶುರು ಮಾಡಿ, ಮೊದಲನೆಯ ಗೇರಿಗೆ ಹಾಕಿ, ಎದುರಿಗಿದ್ದವರಿಗೆ "ದಾರಿ, ದಾರಿ" ಎಂದು ಕೈ ಬೀಸಿ ಕ್ಲಚ್ಚು ಬಿಟ್ಟೆ. ಎದುರಿಗಿದ್ದವರು ದಾರಿ ಬಿಟ್ಟರು. ಜೀಪು ಮಾತ್ರ ನೆಟ್ಟಗೆ ಹಿಂದಕ್ಕೆ ಹೋಗಿ, ಅತ್ತೆಯವರು ಚಾಪೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ತುಳಿದು, ತಿಪ್ಪೆಗೆ ಬೆನ್ನು ಕೊಟ್ಟು ನಿಂತಿತು.

ಗೇರು ತಪ್ಪಾಗಿ ಬಿದ್ದಿರಬೇಕು ಎಂದುಕೊಂಡೆ. ತಿಪ್ಪೆಯಿಂದ ಈಚೆಗೆ ತರಲು ಏನೇನೋ ಮಾಡಿ, ಕೊನೆಗೆ ಬೇಸತ್ತು ಹಿಂದಕ್ಕೆ ಹೋಗುವ ಗೇರಿಗೆ ಹಾಕಿದರೆ ಜೀಪು ವಿಧೇಯವಾಗಿ ಮುಂದಕ್ಕೆ ಬಂತು. ಎರಡನೆಯ ಗೇರಿಗೆ ಹಾಕಿದೆ. ಮೊದಲಿಗಿಂತ ಉತ್ಸಾಹದಿಂದ ಹಿಂದಕ್ಕೆ ಹೋಗಿ ಕೋಳಿಗೂಡನ್ನು ಮಲಗಿಸಿತು. ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಕೋಲನ್ನು ಎಳೆದೆ. ಮುಂದಿನ ಚಕ್ರಗಳು ಮುಂದಕ್ಕೆ ಎಳೆದವು, ಹಿಂದಿನವು ಹಿಂದಕ್ಕೆ ಎಳೆದವು. ಜೀಪು ನಿಂತ ಜಾಗದಲ್ಲಿಯೇ ದೇವರು ಮೈದುಂಬಿದವರಂತೆ ನಡುಗತೊಡಗಿತು. ಹೆಂಗಸರು ಕೈ ಮುಗಿದರು.

"ಕಂಠಪ್ಪ, ಮಿಲಿಟರೀಲಿ ಎಲ್ಲಾದರೂ ಹೀಗಾದದ್ದು ನೋಡಿದ್ಯಾ?" ಎಂದು ಕೇಳಿದೆ.

ಕಂಠಪ್ಪ ಟವೆಲಿನಿಂದ ಕತ್ತು ಒರೆಸಿಕೊಂಡ. "ನಾನೆಲ್ಲಿ ನೋಡ್ಲಪ್ಪ? ನಾನು ಅಡುಗೆ ಮನೇಲಿದ್ದೆ. ಲಾರಿ ಬಂದಾಗ ಊಟ ಬಡಿಸ್ತಿದ್ದೆ."

ಅಚ್ಚನ್ನು ತಲೆಕೆಳಗು ಮಾಡಿದರೆ ಅದು ತಿರುಗುವ ದಿಕ್ಕೂ ತಲೆಕೆಳಗಾಗುತ್ತದೆ ಎಂಬ ಸತ್ಯ ನಮ್ಮಿಬ್ಬರಿಗೂ ಆಗ ನಿಧಾನವಾಗಿ ಇಳಿಯಿತು. ಇಡೀ ಮೈಸೂರು ಸೀಮೆಯಲ್ಲಿ ಹಿಂದಕ್ಕೆ ಹೋಗಲು ಮೂರು ಗೇರು, ಮುಂದಕ್ಕೆ ಹೋಗಲು ಒಂದೇ ಗೇರು ಇದ್ದ ವಾಹನ ನನ್ನದೊಂದೇ ಇದ್ದಿರಬೇಕು. ನಾಳೆ ಎಲ್ಲವನ್ನೂ ಬಿಚ್ಚಿ ನೋಡೋಣ ಎಂದುಕೊಂಡು ಊಟಕ್ಕೆ ಎದ್ದೆವು.

ಊಟಕ್ಕೆ ಕೂರಲಿಲ್ಲ. ಒಳಗೆ ಸುನಂದಮ್ಮನಿಗೆ ಬೆಳಗ್ಗೆಯೇ ನೋವು ಶುರುವಾಗಿತ್ತಂತೆ, ಗಂಡಸರಿಗೆ ಹೇಳಿರಲಿಲ್ಲ. ಸೂಲಗಿತ್ತಿ ಪುಟ್ಟಲಕ್ಷ್ಮಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ಮುಖದಲ್ಲಿ ಹಾಸ್ಯಕ್ಕೆ ಜಾಗವಿರಲಿಲ್ಲ.

"ಸಿದ್ದಲಿಂಗವ್ವಾರೆ, ಇದು ನನ್ ಕೈಲಿ ಆಗಾಕಿಲ್ಲ. ಆಸ್ಪತ್ರೆಗೆ ಸಾಗ್ಸಿ. ತಡ ಮಾಡ್ಬ್ಯಾಡಿ."

ಸಂತೆಯ ದಿನ, ಊರಿನ ಗಾಡಿಗಳೆಲ್ಲ ಹೊರಗೆ ಹೋಗಿದ್ದವು. ಇದ್ದರೂ ಎತ್ತಿನ ಗಾಡಿ ಹುಣಸೂರು ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು. ಒಳಗಿನಿಂದ ಸುನಂದಮ್ಮನ ನರಳಾಟ ಕೇಳುತ್ತಿತ್ತು. ಅತ್ತೆ ಕಂಬ ಹಿಡಿದು ನಿಂತು ನನ್ನನ್ನೇ ನೋಡಿದರು. ನನ್ನ ಮಾತು ನಂಬಿ ಮಾವ ಗಾಡಿ ಕಟ್ಟಿಕೊಂಡು ಹೋದದ್ದು ನೆನಪಾಯಿತು.

"ಮುಂದಕ್ಕೆ ಹೋಗೋ ಆ ಒಂದು ಗೇರಲ್ಲೇ ಹೋಗೋಣ" ಎಂದೆ.

"ಅದು ಎತ್ತಿಗಿಂತ ನಿಧಾನ ಕಣಪ್ಪ. ಅರ್ಧ ದಾರೀಲೇ ಇಂಜಿನ್ ಕುದ್ದೋಯ್ತದೆ" ಎಂದ ಕಂಠಪ್ಪ.

ಸರ್ವಮಂಗಳ ಜೀಪನ್ನು ಒಮ್ಮೆ ನೋಡಿದಳು, ದಾರಿಯನ್ನು ಒಮ್ಮೆ ನೋಡಿದಳು. "ಹಿಂದಕ್ಕೆ ಜೋರಾಗಿ ಹೋಗುತ್ತೆ ತಾನೆ?"

"ಹೋಗುತ್ತೆ."

"ಹಂಗಾದ್ರೆ ಹಿಂದಕ್ಕೇ ಹೋಗೋಣ. ಜೀಪಿನ ಮುಖ ಯಾವ ಕಡೆ ಇದ್ರೆ ನಮಗೇನು? ಆಸ್ಪತ್ರೆ ಆ ಕಡೆ ಇದೆ. ತಿರುಗಿಸಿ ನಿಲ್ಲಿಸಿ."

ಮದುವೆಯಾದ ಇಷ್ಟು ವರ್ಷಗಳಲ್ಲಿ ನನ್ನ ಹೆಂಡತಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದು ಅದೇ ಮೊದಲು.

ದಿಂಬುಗಳನ್ನು ಒತ್ತುಕೊಟ್ಟು ಸುನಂದಮ್ಮನನ್ನು ನನ್ನ ಪಕ್ಕದ ಸೀಟಿನಲ್ಲಿ ಕೂರಿಸಿದರು. ಅತ್ತೆಯೂ ಸರ್ವಮಂಗಳನೂ ಹಿಂದೆ ಹತ್ತಿದರು. ಇಂಜಿನ್ನು ಕಾದರೆ ನೀರು ಹಾಕಲು ಕಂಠಪ್ಪ ಕೊಡ ತಬ್ಬಿಕೊಂಡು ಬಾನೆಟ್ಟಿನ ಮೇಲೆ ಕೂತ. ಪುಟ್ಟಲಕ್ಷ್ಮಿಯನ್ನು ಕರೆದರೆ, "ಮುಂದ್ಕೆ ಓಗೋ ಗಾಡೀಗೇ ನಾನು ಹೆದರ್ತೀನಿ. ನೀವು ಓಗ್ಬುಟ್ಟು ಬನ್ನಿ" ಎಂದು ಒಳಗೆ ಹೋಗಿಬಿಟ್ಟಳು.

ಹೊರಟೆವು. ನಾನು ಕತ್ತು ತಿರುಗಿಸಿ ಹಿಂದೆ ನೋಡಿದರೆ ಕಾಣುತ್ತಿದ್ದುದು ಎದ್ದು ನಿಂತಿದ್ದ ಅತ್ತೆಯವರ ಸೀರೆಯೊಂದೇ. ದಾರಿ ನೋಡುವ ಕೆಲಸ ಸರ್ವಮಂಗಳನ ಪಾಲಿಗೆ ಬಂತು. ಅವಳು ಹೋಗುವ ದಿಕ್ಕಿಗೆ ಮುಖ ಮಾಡಿ, ಜೀಪಿನ ಅಂಚು ಹಿಡಿದು ಮಂಡಿಯೂರಿ ನಿಂತಿದ್ದಳು.

"ಎಡಕ್ಕೆ" ಎಂದಳು. ನಾನು ಎಡಕ್ಕೆ ತಿರುಗಿಸಿದೆ. ಜೀಪು ಬೇಲಿಗೆ ನುಗ್ಗಿತು.

"ಎಡಕ್ಕೆ ಅಂದೆ ಕಣ್ರೀ."

"ಎಡಕ್ಕೇ ತಿರುಗಿಸಿದ್ದು."

"ನನ್ನ ಎಡಕ್ಕೆ."

"ನಿನ್ನ ಎಡ ನನ್ನ ಬಲ ಆಗುತ್ತೆ. ನಾವು ಬೆನ್ನಿಗೆ ಬೆನ್ನು ಮಾಡಿ ಕೂತಿದೀವಿ."

"ಇದುವರೆಗೂ ಹಂಗೇ ಸಂಸಾರ ಮಾಡಿರೋದು. ಬಿಡಿ, ಎಡ ಬಲ ಬೇಡ. ಒಂದು ಕಡೆ ಕಾಡು, ಒಂದು ಕಡೆ ಹೊಲ. 'ಕಾಡು' ಅಂದ್ರೆ ಕಾಡಿನ ಕಡೆ, 'ಹೊಲ' ಅಂದ್ರೆ ಹೊಲದ ಕಡೆ. ಅರ್ಥ ಆಯ್ತಾ?"

ಅರ್ಥವಾಯಿತು. ಕಾಡು, ಹೊಲ, ಹೊಲ, ಕಾಡು ಎಂದು ಅವಳು ಹೇಳುತ್ತ ಹೋದಳು, ನಾನು ತಿರುಗಿಸುತ್ತ ಹೋದೆ. ಹಾಡಿಗೆ ತಾಳ ಕೂಡಿಬಂದಂತೆ ಕೆಲವೇ ಹೊತ್ತಿನಲ್ಲಿ ನಮಗೆ ಅದು ಕೂಡಿಬಂತು. ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹಾಕಿದೆ. ಲಾರಿಯ ಅಚ್ಚು ಕಲ್ಲು ಗುಂಡಿಗಳನ್ನು ಲೆಕ್ಕಕ್ಕೇ ಇಡಲಿಲ್ಲ. ಹೊಗೆಸೊಪ್ಪಿನ ಹೊಲಗಳಲ್ಲಿ ಕೆಲಸ ಮಾಡುತ್ತಿದ್ದವರು ಎದ್ದು ನಿಂತು ನೋಡಿದರು. ಮೂತಿಯ ಮೇಲೊಬ್ಬ ಕೊಡ ಹಿಡಿದು ಕೂತ ಗಾಡಿಯೊಂದು ತಮ್ಮ ಕಡೆಗೆ ಬೆನ್ನು ತೋರಿಸುತ್ತ ಧಾವಿಸಿ ಬರುವುದನ್ನು ಅವರು ಅದಕ್ಕೆ ಮೊದಲು ಕಂಡಿರಲಾರರು.

ಸುನಂದಮ್ಮ ನೋವಿನ ನಡುವೆ ಕಣ್ಣು ಬಿಟ್ಟು ಎದುರಿಗೆ ನೋಡಿದಳು. ಅವಳಿಗೆ ಕಾಣುತ್ತಿದ್ದುದು ಬಿಟ್ಟು ಬಂದ ಊರು.

"ಭಾವ, ನಮ್ಮೂರು ನನ್ನೇ ನೋಡ್ಕೊಂಡು ಹಿಂದಕ್ ಹಿಂದಕ್ಕೆ ಹೋಯ್ತಾ ಐತೆ" ಎಂದಳು. ಆಮೇಲೆ ನನ್ನ ತೋಳನ್ನು ಹಿಡಿದಳು. ಆ ಹಿಡಿತದ ಬಲಕ್ಕೆ, ಇವಳನ್ನು ನಾನು ತಲುಪಿಸಲೇಬೇಕು ಎಂಬುದು ಬಿಟ್ಟು ಬೇರೆಲ್ಲ ನನ್ನ ತಲೆಯಿಂದ ಹಾರಿಹೋಯಿತು.

ಕಾಡು ರಸ್ತೆಗೆ ತೀರ ಹತ್ತಿರ ಬರುವ ತಿರುವಿನಲ್ಲಿ ಸರ್ವಮಂಗಳ ಕಾಡು ಎನ್ನಲಿಲ್ಲ, ಹೊಲ ಎನ್ನಲಿಲ್ಲ. "ನಿಲ್ಲಿಸಿ" ಎಂದಳು, ಬಹಳ ಮೆಲ್ಲಗೆ.

ನಿಲ್ಲಿಸಿದೆ. ಅತ್ತೆ ಮೆಲ್ಲನೆ ಕೂತುಬಿಟ್ಟರು. ಆಗ ನನಗೆ ದಾರಿ ಕಾಣಿಸಿತು. ದಾರಿಯ ತುಂಬ ಆನೆ ಇತ್ತು.

ಒಂಟಿ ಸಲಗ. ಹಗಲು ಬೆಳಕಿನಲ್ಲಿ ಅಷ್ಟು ಹತ್ತಿರದಿಂದ ನಾನು ಆನೆಯನ್ನು ನೋಡಿದವನಲ್ಲ. ಬೆನ್ನಿಗೆ ಎರಚಿಕೊಂಡ ಕೆಂಪು ಮಣ್ಣು ಬಿಸಿಲಿಗೆ ಹೊಳೆಯುತ್ತಿತ್ತು. ಕಿವಿಗಳು ಎರಡೂ ಕಡೆ ಅಗಲವಾಗಿ ನಿಂತಿದ್ದವು. ಅದು ಉಸಿರು ಬಿಟ್ಟಾಗ ನೆಲದ ಮೇಲಿನ ಒಣ ಎಲೆ ಸರಿಯಿತು. ನನ್ನ ಜೀಪು, ಅದರ ನಾಲ್ಕು ಚಕ್ರಗಳ ಬಲ, ಭೂಮಿ ಮುರಿದರೂ ಮುರಿಯದ ಆ ಅಚ್ಚು, ಎಲ್ಲವೂ ಅದರ ಮುಂಗಾಲಿನ ಪಕ್ಕದಲ್ಲಿ ತೊಟ್ಟಿಲಿನ ಆಟಿಕೆಯಂತೆ ಕಂಡವು. ಭಯಕ್ಕಿಂತ ಮೊದಲು ನನಗಾದದ್ದು, ಹೇಗೆ ಹೇಳಲಿ, ದೊಡ್ಡವರ ಮುಂದೆ ಚಪ್ಪಲಿ ಬಿಡಬೇಕು ಎನಿಸುವಂಥ ಭಾವ.

ಆನೆಯೂ ನಮ್ಮನ್ನು ನೋಡಿತು. ಅದು ಜೀಪುಗಳನ್ನು ಕಂಡಿರಬಹುದು. ಆದರೆ ಹಿಂದುಮುಂದಾಗಿ ಬರುವ ಜೀಪನ್ನು ಏನೆಂದು ತಿಳಿಯಬೇಕೆಂದು ಅದಕ್ಕೂ ತೋಚಿದಂತೆ ಕಾಣಲಿಲ್ಲ. ಸೊಂಡಿಲನ್ನು ಎತ್ತಿ ನಮ್ಮ ಕಡೆಗೆ ಚಾಚಿ ಗಾಳಿಯನ್ನು ಮೂಸಿತು. ಸುನಂದಮ್ಮ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ನೋವನ್ನು ನುಂಗುತ್ತಿದ್ದಳು. ಬಾನೆಟ್ಟಿನ ಮೇಲೆ ಕಂಠಪ್ಪನ ಕೊಡ ಮಾತ್ರ ಸಣ್ಣಗೆ ಗಡಗಡ ಎನ್ನುತ್ತಿತ್ತು.

ಸರ್ವಮಂಗಳ ನಿಂತಲ್ಲಿಯೇ ನಿಂತು, ಮನೆಯ ಹಿರಿಯರೊಬ್ಬರೊಡನೆ ಮಾತಾಡುವ ಧ್ವನಿಯಲ್ಲಿ ಹೇಳಿದಳು: "ತಂಗೀಗೆ ಹೆರಿಗೆ ನೋವು ಬಂದದೆ ಕಣಪ್ಪ. ಆಸ್ಪತ್ರೆಗೆ ಹೋಗ್ತಾ ಇದೀವಿ. ಸ್ವಲ್ಪ ದಾರಿ ಬುಡು."

ಆನೆ ಕಿವಿಯನ್ನು ಒಮ್ಮೆ ಬೀಸಿತು. ಆಮೇಲೆ ನಾನು ಕಂಡದ್ದನ್ನು ಹುಣಸೂರಿನಲ್ಲಿ ಇಂದಿಗೂ ಯಾರೂ ನಂಬುವುದಿಲ್ಲ. ಅದು ತಿರುಗಲಿಲ್ಲ. ನಮ್ಮ ಮೇಲಿನ ಕಣ್ಣು ತೆಗೆಯದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಟ್ಟು, ಅಷ್ಟು ದೊಡ್ಡ ಮೈಯನ್ನು ಬಿದಿರು ಮೆಳೆಯ ಒಳಕ್ಕೆ ಹಿಂದುಮುಂದಾಗಿಯೇ ಸೇರಿಸಿಕೊಂಡಿತು. ಬಿದಿರು ಮುಚ್ಚಿಕೊಂಡಿತು. ಅಲ್ಲಿ ಆನೆ ಇತ್ತೆಂಬುದಕ್ಕೆ ಏನೂ ಉಳಿಯಲಿಲ್ಲ.

ಅತ್ತೆ ಎರಡೂ ಕೈ ಎತ್ತಿ ಮುಗಿದರು. ನಾನೂ ಸ್ಟಿಯರಿಂಗ್ ಬಿಟ್ಟು ಮುಗಿದೆ. ಆನೆಗೆ ಮುಗಿದೆನೋ ಹೆಂಡತಿಗೆ ಮುಗಿದೆನೋ ನನಗೇ ಸರಿಯಾಗಿ ತಿಳಿಯಲಿಲ್ಲ.

"ಕೈ ಮುಗಿದದ್ದು ಸಾಕು, ಹೊರಡಿ. ಹೊಲ" ಎಂದಳು ಸರ್ವಮಂಗಳ.

ಕಾಡು ಮುಗಿದ ಮೇಲೆ ಎರಡೂ ಕಡೆ ಹೊಲವಾಯಿತು. ಆಗ ಅವಳು "ನಿಮ್ಮ ವಾಚಿನ ಕೈ", "ಬರಿಗೈ" ಎಂದು ಹೇಳತೊಡಗಿದಳು. ಹಾಗೆಯೇ ಹುಣಸೂರು ಪೇಟೆಯನ್ನು ಪ್ರವೇಶಿಸಿದೆವು. ನನ್ನ ಅಂಗಡಿಯ ಮುಂದೆಯೇ ಹಾದುಹೋಗಬೇಕಾಗಿತ್ತು. ಗಿರಾಕಿಗಳು ಇಳಿದು ಬಂದು ಸಾಲಾಗಿ ನಿಂತರು. ಒಬ್ಬರು ನಾನು ಊರಿಗೆ ಹೊರಟೆನೆಂದು ತಿಳಿದು "ಹೋಗಿ ಬನ್ನಿ" ಎಂದು ಬೀಳ್ಕೊಟ್ಟರು. ಪೇಟೆಯ ನಡುವೆ ಪೊಲೀಸಿನವನೊಬ್ಬ ಕೈ ಅಡ್ಡ ಹಿಡಿದ, ಬಾನೆಟ್ಟಿನ ಮುಂದೆ. ನಾವು ಅವನಿಂದ ದೂರ ದೂರ ಹೋಗುತ್ತಲೇ ಇದ್ದೆವು. ಅವನು ಓಡಿ ಬಂದು ಜೊತೆಯಾಗಿ ಕೇಳಿದ:

"ಸಾವ್ಕಾರ್ರೆ, ನೀವು ಈಗ ಬತ್ತಾ ಇದೀರೋ ಹೋಯ್ತಾ ಇದೀರೋ?"

"ಹೆರಿಗೆ" ಎಂದಳು ಸರ್ವಮಂಗಳ. ಅವನು ನಮಗಿಂತ ಮುಂದೆ, ಅಂದರೆ ಜೀಪಿನ ಹಿಂದೆ, ಓಡುತ್ತ ಆಸ್ಪತ್ರೆಯವರೆಗೂ ದಾರಿ ಬಿಡಿಸಿದ.

ಸುನಂದಮ್ಮನನ್ನು ಒಳಗೆ ಕರೆದುಕೊಂಡು ಹೋದರು, ಜೊತೆಗೆ ಸರ್ವಮಂಗಳನೂ ಹೋದಳು. ಉಳಿದ ನಾವು ಹೊರಗಿನ ಬೆಂಚಿನ ಮೇಲೆ ಕುಳಿತೆವು. ನನ್ನ ಕತ್ತು ತಿರುಗಿಸಿದ ಕಡೆಗೇ ನಿಂತುಹೋಗಿ, ಎದುರಿಗೆ ನೋಡಬೇಕಾದರೆ ನಾನು ಪಕ್ಕಕ್ಕೆ ತಿರುಗಿ ಕೂರಬೇಕಾಗಿತ್ತು. ಕಂಠಪ್ಪ ಖಾಲಿ ಕೊಡವನ್ನು ಇನ್ನೂ ತಬ್ಬಿಕೊಂಡಿದ್ದ. ಅತ್ತೆ ಕಣ್ಣು ಮುಚ್ಚಿ ಶಿವನಾಮ ಹೇಳುತ್ತಿದ್ದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಮಗುವಿನ ಅಳು ಕೇಳಿತು. ಅದು ಸಣ್ಣ ದನಿಯಲ್ಲ; ಜಗಳಕ್ಕೇ ಬಂದವರಂತೆ ಅಳುತ್ತಿತ್ತು. ಅತ್ತೆ ಕಣ್ಣು ಬಿಟ್ಟರು, ಕಣ್ಣು ತುಂಬಿದವು. ಅಷ್ಟರಲ್ಲಿ ಡಾಕ್ಟರಮ್ಮ ಹೊರಗೆ ಬಂದರು.

"ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಹೆಣ್ಣು ಮಗು. ಸರಿಯಾದ ಹೊತ್ತಿಗೆ ಕರೆದುಕೊಂಡು ಬಂದಿರಿ. ಮಗು ತಲೆ ಮೇಲಾಗಿತ್ತು. ಕಾಲು ಮುಂದಾಗಿ ಬಂತು. ಮನೆಯಲ್ಲಿ ಆಗಿದ್ದರೆ ಕಷ್ಟವಿತ್ತು" ಎಂದು ಹೇಳಿ ಒಳಗೆ ಹೋದರು.

ಅತ್ತೆ ನಿಧಾನವಾಗಿ ನನ್ನ ಕಡೆಗೆ ತಿರುಗಿದರು. ಕಂಠಪ್ಪನೂ ತಿರುಗಿದ.

"ಅತ್ತೆ, ಮಗು ತಿರುಗುಮುರುಗಾಗಿ ಬಂದದ್ದಕ್ಕೂ ನನ್ನ ಅಚ್ಚಿಗೂ ಯಾವ ಸಂಬಂಧವೂ ಇಲ್ಲ" ಎಂದೆ. ಆದರೂ ಆ ಸಂತೋಷದ ಹೊತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ. ಬೆಂಚಿನಿಂದ ಎದ್ದು ನಿಂತು, ತಿರುಚಿದ ಕತ್ತನ್ನು ಸಾಧ್ಯವಾದಷ್ಟು ನೆಟ್ಟಗೆ ಮಾಡಿ, "ಏನೇ ಆಗಲಿ, ಅಂಥ ದಾರಿಯಲ್ಲಿ ಹಿಂದುಮುಂದಾಗಿ ಬಂದು ಕ್ಷೇಮವಾಗಿ ಮುಟ್ಟೋದು ಎಲ್ಲರ ಕೈಲೂ ಆಗೋ ಕೆಲಸವಲ್ಲ" ಎಂದುಬಿಟ್ಟೆ.

ಸರ್ವಮಂಗಳ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಆಗಷ್ಟೇ ಬಾಗಿಲಿಗೆ ಬಂದಿದ್ದಳು.

"ಹೌದು ಕಣ್ರೀ" ಎಂದಳು, ಮಗುವಿನ ಮುಖದ ಮೇಲಿನ ಕಣ್ಣು ತೆಗೆಯದೆ. "ಇವಳೂ ಹಿಂದುಮುಂದಾಗೇ ಬಂದ್ಲು, ಕ್ಷೇಮವಾಗೇ ಮುಟ್ಟಿದ್ಲು. ಆದ್ರೆ ಇವಳಿಗೆ ಪಕ್ಕದಲ್ಲಿ ನಿಂತು ಕಾಡು, ಹೊಲ ಅಂತ ಯಾರೂ ಹೇಳ್ಲಿಲ್ಲ."